ಅಪ್ಪನ ಲಾರಿ ಮತ್ತು ಕೆಡಿಸಿದವರ ಪಟ್ಟಿ

ಊರಲ್ಲೊಂದು ಲಾರಿ ಕೆಟ್ಟು ನಿಂತರೆ ಇಡೀ ಊರೇ ಮಿಸ್ತ್ರಿಯಾಗುತ್ತಿದ್ದ ಕಾಲವೊಂದಿತ್ತು. ನಿಮ್ಮಲ್ಲಿ ಕೆಲವರಿಗಾದರೂ ಅದು ನೆನಪಿರಬೇಕು. ಬಾನೆಟ್ ಎತ್ತಿದ ಕೂಡಲೇ ಎಲ್ಲಿಂದಲೋ ಹತ್ತು ತಲೆಗಳು ಬಂದು ಒಳಗೆ ಇಣುಕುತ್ತಿದ್ದವು. ಎತ್ತಿಗೆ ನೀರು ಕುಡಿಸಲು ಹೊರಟವನೂ ನಿಂತು, "ಇದು ಪಂಪಿನ ಕೆಲಸ" ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತಿದ್ದ. ಹಿರೇಬೆಂಡಿಗೇರಿಯ ನಮ್ಮ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಅಪ್ಪನ ಮೂತಿ ಲಾರಿ ಹಾಗೆ ನಿಂತದ್ದು ನಾನು ಏಳನೇ ಇಯತ್ತೆಯಲ್ಲಿದ್ದ ವರ್ಷ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ.

ಲಾರಿಯ ರೋಗ ಹಳೆಯದು. ಹತ್ತು ಮೈಲಿ ಹೋಗುವಷ್ಟರಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ಆಯಿಲ್ ನೋಡುವ ಕಡ್ಡಿ ಎಳೆದರೆ ಕರಿ ಎಣ್ಣೆಯ ಬದಲು ಹಾಲು ಹೆಚ್ಚಾದ ಚಹಾದ ಬಣ್ಣ. ಇಂಜಿನ್ನಿನ ಮೇಲೆ ಹೆಡ್ ಎಂಬ ಭಾರದ ಮುಚ್ಚಳ ಇರುತ್ತದೆ. ಅದರ ಕೆಳಗೆ ನೀರು ಮತ್ತು ಎಣ್ಣೆ ಒಂದಾಗದಂತೆ ತಡೆಯುವ ಗ್ಯಾಸ್ಕೆಟ್ ಎಂಬ ತೆಳ್ಳನೆಯ ಹಾಳೆ. ಅದು ಸುಟ್ಟಿತ್ತು. ಒಂದೇ ವರ್ಷದಲ್ಲಿ ಎರಡು ಗ್ಯಾರೇಜಿನಲ್ಲಿ ಎರಡು ಸಲ ಬದಲಿಸಿದ್ದರೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಚಹಾ. ಯಾಕೆ ಹೀಗೆ ಎಂದು ಅಪ್ಪ ಕೇಳಿದರೆ, "ಹಳೇ ಗಾಡಿ ಅಲ್ಲೇನ್ರಿ ಫಕ್ಕೀರಪ್ಪ" ಎಂದು ಗ್ಯಾರೇಜಿನವರು ನಗುತ್ತಿದ್ದರು. ಅಪ್ಪನಿಗೆ ಸಿಟ್ಟು ಬಂದದ್ದು ಗಾಡಿ ಕೆಟ್ಟಿದ್ದಕ್ಕಲ್ಲ, ಆ ಉತ್ತರಕ್ಕೆ.

ಆಗಲೇ ಅವ್ವನ ಅಣ್ಣ, ನಮ್ಮ ಮಾವ, ಹಾನಗಲ್ಲಿನಿಂದ ಬಂದ. ಕೈಕಾಲು ತೊಳೆಯುವ ಮೊದಲೇ ಮಾತು ಶುರು ಮಾಡಿದ.

"ಫಕ್ಕೀರಪ್ಪ, ಇದನ್ನ ಗುಜರಿಗೆ ಹಾಕಿಬಿಡು. ನನ್ನ ದೋಸ್ತಂದು ಹೊಸಾ ಗಾಡಿ ಐತಿ, ಡ್ರೈವರ್ ಹುಡುಕಾಕತ್ತಾನ. ನಾಳಿಂದನ ಬಾ ಅಂತಾನ."

ಬೇರೆಯವರ ಗಾಡಿ ಅಂದರೆ ಮುಂಬಯಿ, ಅಹಮದಾಬಾದು. ತಿಂಗಳಿಗೊಮ್ಮೆ ಮನೆಯ ಮುಖ. ನಮ್ಮ ಲಾರಿ ಗೋವಿನಜೋಳ, ಹತ್ತಿ ಹೇರಿಕೊಂಡು ಹಿರೇಕೆರೂರು, ಹಾವೇರಿ ಸುತ್ತಿ ಸಂಜೆ ಊಟಕ್ಕೆ ಅಪ್ಪನನ್ನು ತಿರುಗಿ ತಂದುಬಿಡುತ್ತಿತ್ತು. ಅಪ್ಪ ಇಲ್ಲದ ಊಟ ನನಗೆ ಗೊತ್ತೇ ಇರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತದ್ದು ಕೇಳಿಸಿತು.

ಅಪ್ಪ ತಲೆ ಎತ್ತಲಿಲ್ಲ. "ದೀಪಾವಳಿ ತನಕ ತಡಿ ಅಣ್ಣ. ಗೋವಿನಜೋಳದ ಮೊದಲನೇ ಲೋಡು ಇದ ಗಾಡ್ಯಾಗ ಹಿರೇಕೆರೂರಿಗೆ ಹೋಗಲಿಲ್ಲಂದ್ರ ನೀ ಹೇಳಿದಂಗ ಮಾಡ್ತೇನಿ. ಈ ಸಲ ನಾನ ಬಿಚ್ಚತೇನಿ."

"ಪಾನಾ ಹಿಡ್ಯಾಕ ಬರತೈತೇನು ನಿನಗ?"

"ಬರಂಗಿಲ್ಲ. ಅದಕ್ಕ ಮೊದಲ ಕೇಳ್ಕೊಂಡು ಬರ್ತೇನಿ."

ಮಾವ ಹೊಟ್ಟೆ ಹಿಡಿದು ನಕ್ಕ. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಅಪ್ಪ ನಿಜವಾಗಿಯೂ ಕೇಳಲು ಹೊರಟ. ಪಾನಾ, ಅಂದರೆ ಸ್ಪ್ಯಾನರ್, ಮುಟ್ಟುವ ಮೊದಲು ಪೂರಾ ಎರಡು ತಿಂಗಳು ಕೇಳಿದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅವನಿಗೆ ಬಸ್ಸಿನ ಬೋರ್ಡು ಓದಲು ಬರುತ್ತಿತ್ತು, ಬರೆಯುವುದು ತ್ರಾಸು. ನನ್ನ ಅಕ್ಷರ ಗುಂಡಗೆ. ಹಾಗಾಗಿ ರವಿವಾರ ಬಂದರೆ ಇನ್ನೂರು ಪುಟದ ನೋಟ್‌ಬುಕ್ಕನ್ನು ಪಾಟೀಚೀಲದಲ್ಲಿ ಹಾಕಿಕೊಂಡು ನಾನೂ ಕೆಂಪು ಬಸ್ಸು ಹತ್ತುತ್ತಿದ್ದೆ. ಕೂಲಿಯ ರೂಪದಲ್ಲಿ ತಿನ್ನಲು ಪೊಟ್ಟಣದ ತುಂಬ ಸವಣೂರು ಖಾರ.

ಮೊದಲನೇ ರವಿವಾರ ಶಿಗ್ಗಾಂವಿಯಲ್ಲಿ ಬರೀ ಗೊಂದಲ. "ಹೆಡ್ ಹೆಂಗ ಬಿಚ್ಚಬೇಕ್ರಿ?" ಎಂದು ಅಪ್ಪ ಕೇಳಿದರೆ ಎಲ್ಲರೂ ಎದೆ ಮುಂದೆ ಮಾಡಿ ಮಾತಾಡುವವರೇ. ಒಬ್ಬ ಕಣ್ಣು ಮುಚ್ಚಿ ಬಿಚ್ಚುತ್ತೇನೆ ಅಂದ. ಇನ್ನೊಬ್ಬ ಅರ್ಧ ದಿನದ ಕೆಲಸ ಅಂದ. ಮೂವರು ಮೂರು ತರಹ ಹೇಳಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ, "ಎಲ್ಲಾರೂ ಭಾಳ ಶಾಣ್ಯಾರು ನಿಂಗಿ. ಇಷ್ಟು ಶಾಣ್ಯಾರಿದ್ರೂ ನಮ್ಮ ಗಾಡಿ ಯಾಕ ಎರಡ ಸಲ ಸುಡ್ತು" ಎಂದು ಕಿಟಕಿಯ ಕಡೆ ಮುಖ ಮಾಡಿ ಕೂತ.

ಮುಂದಿನ ರವಿವಾರ ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಚಹಾದಂಗಡಿ. ಎದುರಿಗೆ ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡ ಒಬ್ಬ ಹಳೆಯ ಡ್ರೈವರ್. ಅಪ್ಪ ಚಹಾ ಹೇಳಿ, ಅವನ ಹತ್ತಿರ ಸರಿದು, ಬೇರೆಯದೇ ಮಾತು ಕೇಳಿದ.

"ಅಣ್ಣಾರ, ನೀವು ಮೊದಲನೇ ಸಲ ಹೆಡ್ ಬಿಚ್ಚಿದಾಗ ಏನ ಕೆಡಿಸಿದ್ರಿ?"

ಆ ಮನುಷ್ಯನ ಬಸಿಯಲ್ಲಿದ್ದ ಚಹಾ ಧೋತರದ ಮೇಲೆ ಚೆಲ್ಲಿತು. ಅತ್ತಿತ್ತ ನೋಡಿದ, ಆಮೇಲೆ ನಕ್ಕ. "ಬಿಸಿ ಇದ್ದಾಗನ ಬಿಚ್ಚಿದ್ನಿ ತಮ್ಮಾ. ಗಡಿಬಿಡಿ ಇತ್ತು. ಹೆಡ್ ಬಾಗಿ ಕುಂತಿತು. ಯಾರ ಮುಂದೂ ಹೇಳಿಲ್ಲ."

ಅಪ್ಪ ನನ್ನ ಕಡೆ ನೋಡಿದ. ನಾನು ಬರೆದೆ: ೧. ಬಿಸಿ ಇದ್ದಾಗ ಬಿಚ್ಚಿದ್ದು. ಮುಂದೆ ಹೆಸರು, ಊರು. ಬರೆದದ್ದನ್ನು ಗಟ್ಟಿಯಾಗಿ ಓದಿ ತೋರಿಸಬೇಕು, ಅದು ಅಪ್ಪನ ಕಾಯಿದೆ. ಓದಿದೆ. "ಹಾಂ, ಬರೋಬರಿ ಐತಿ. ಮುಂದಿಂದು ನಡೀಲಿ" ಅಂದ. ಅವತ್ತಿನಿಂದ ಅಪ್ಪ ಯಾರನ್ನೂ ಹೇಗೆ ಮಾಡಬೇಕು ಎಂದು ಕೇಳಲೇ ಇಲ್ಲ. ಏನು ಕೆಡಿಸಿದಿರಿ ಎಂದಷ್ಟೇ ಕೇಳಿದ.

ಆ ಪ್ರಶ್ನೆಯಲ್ಲಿ ಏನಿತ್ತೋ ಕಾಣೆ, ಜನ ಬಾಯಿ ಬಿಟ್ಟರು. ಹಿರೇಕೆರೂರಿನ ಸಂತೆಯಲ್ಲಿ ಗೋವಿನಜೋಳದ ಚೀಲದ ಮೇಲೆ ಕೂತಿದ್ದ ಡ್ರೈವರೊಬ್ಬ, ಕೈ ಒರೆಸುವ ಚಿಂದಿಯನ್ನು ಇಂಜಿನ್ನಿನೊಳಗೇ ಬಿಟ್ಟು ಮುಚ್ಚಿದ್ದನ್ನು ಹೇಳಿ ಸಂತೆಯವರನ್ನೆಲ್ಲ ನಗಿಸಿದ. ಒಬ್ಬ ಹಳೆಯ ಗ್ಯಾಸ್ಕೆಟ್ಟನ್ನೇ ತೊಳೆದು ತಿರುವಿ ಹಾಕಿದ್ದ. ಮೆಣಸಿನಕಾಯಿ ಬಜಿ, ಮಂಡಕ್ಕಿ ತಿನ್ನುತ್ತ ನಾನು ಬರೆಯುತ್ತಿದ್ದೆ. ಆ ನೋಟ್‌ಬುಕ್ಕಿನ ಅರ್ಧ ಪುಟಗಳಿಗೆ ಇವತ್ತಿಗೂ ಬಜಿಯ ಎಣ್ಣೆ ಹತ್ತಿದೆ.

ಒಂಬತ್ತನೆಯದು ನಮ್ಮ ಗಾಡಿಯ ಗುಟ್ಟು ಬಿಚ್ಚಿತು. ರಟ್ಟೀಹಳ್ಳಿಯ ಒಬ್ಬ ಮಿಸ್ತ್ರಿ, ಹೆಡ್ಡಿನ ಬೋಲ್ಟುಗಳನ್ನು ಒಂದು ಕಡೆಯಿಂದ ಸಾಲಾಗಿ ಬಿಗಿಯುತ್ತ ಹೋಗಿ ಕೆಡಿಸಿದ್ದನಂತೆ. ಒಂದು ತುದಿ ಕೂತರೆ ಇನ್ನೊಂದು ತುದಿ ಏಳುತ್ತದೆ, ಗ್ಯಾಸ್ಕೆಟ್ ಮತ್ತೆ ಸುಡುತ್ತದೆ. ನಡುವಿನಿಂದ ಶುರು ಮಾಡಿ ಅತ್ತೊಂದು ಇತ್ತೊಂದು ಬಿಗಿಯುತ್ತ ಅಂಚಿಗೆ ಬರಬೇಕು, ಅದೂ ಒಂದೇ ಸಲಕ್ಕಲ್ಲ, ಮೂರು ಸುತ್ತು. ನಮ್ಮ ಗಾಡಿಗೆ ಎರಡು ಸಲವೂ ಸಾಲಾಗಿ ಬಿಗಿದದ್ದನ್ನು ಅಪ್ಪ ಕಣ್ಣಾರೆ ನೋಡಿದ್ದ. ಮನೆಗೆ ಬಂದು ಇದನ್ನು ಹೇಳಿದರೆ ಅವ್ವ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ತೋರಿಸಿದಳು.

"ರೊಟ್ಟೀನೂ ನಡುವಿಂದನ ಬಡಕೋಂತ ಅಂಚಿಗೆ ಹೋಗಬೇಕ್ರಿ. ಇಷ್ಟು ತಿಳಕೊಳ್ಳಾಕ ರಟ್ಟೀಹಳ್ಳಿ ತನಕ ಬಸ್ ಚಾರ್ಜ್ ಕೊಟ್ಟು ಹೋಗಬೇಕಿತ್ತೇನು?"

"ಇದನ್ನೂ ಬರಿ" ಅಂದ ಅಪ್ಪ. ಬರೆದೆ. ಅವ್ವ ಕೆಡಿಸಿದ ರೊಟ್ಟಿ ಯಾವುದು ಎಂದು ಕೇಳಿದ್ದಕ್ಕೆ ಲಟ್ಟಣಿಗೆ ತೋರಿಸಿದಳು.

ಸವಣೂರಿನ ಮೌಲಾಸಾಬ್ ಮಿಸ್ತ್ರಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ದೊಡ್ಡಹುಣಸೆ ಮರಗಳ ಹಾದಿಯಲ್ಲಿ ಅವನ ತಗಡಿನ ಗ್ಯಾರೇಜು. ಬಿಳಿ ಗಡ್ಡ, ಬೆರಳಿನ ಗೆರೆಗಳಲ್ಲೆಲ್ಲ ಕರಿ ಎಣ್ಣೆ. "ನಂದೇನೂ ಕೆಟ್ಟಿಲ್ರಿ" ಎಂದು ಎರಡು ಸಲ ಚಹಾ ಕುಡಿಸಿ ಕಳಿಸಿದ. ಮೂರನೇ ಸಲ ಹೋದಾಗ ನಮಾಜಿಗೆ ಹೊರಟವನು ಬಾಗಿಲಲ್ಲಿ ನಿಂತು, "ಕುಂದರ್ರಿ, ಬಂದ ಹೇಳ್ತೇನಿ" ಎಂದು ಹೋದ. ಬಂದು ಹೇಳಿದ.

"ಇಂಜಿನ್ನಿನಾಗ ಹನ್ನೆರಡು ಪುಶ್ ರಾಡ್ ಇರತಾವ, ಉದ್ದನ್ನ ಕಡ್ಡಿ. ನೋಡಾಕ ಎಲ್ಲಾ ಒಂದ ಥರಾ. ಆದ್ರ ಒಂದೊಂದು ತನ್ನ ತನ್ನ ಜಾಗಾದಾಗ ಸವದಿರತೈತಿ. ಅದಲುಬದಲು ಆಗಬಾರದು. ನಾ ಹುಡುಗ ಇದ್ದಾಗ ಕೂಡಿಸಿಬಿಟ್ಟೆ. ಉಸ್ತಾದಗ ಹೇಳಲಿಲ್ಲ. ಹೆದರಿಕಿ. ಹಂಗ ಹಾಕಿ ಮುಚ್ಚಿದ್ನಿ. ಆ ಗಾಡಿ ಹೊಂಟದ್ದು ಹೊಂಟಿತು, ಏನಾತೋ ಗೊತ್ತಿಲ್ಲ. ಇಷ್ಟ ವರ್ಷ ಆದ್ರೂ ಎಲ್ಲ್ಯಾದರೂ ಇಂಜಿನ್ ಕಟಕಟ ಅಂದ್ರ ಅದನೋ ಏನೋ ಅನಸ್ತೈತಿ ಫಕ್ಕೀರಣ್ಣ."

ನಲವತ್ತನೆಯದು ಅದು. ಓದಿ ತೋರಿಸಿದಾಗ ಮೌಲಾಸಾಬ್ ತಾನೇ "ಬರೋಬರಿ ಐತಿ ಬೇಟಿ" ಅಂದ. ಬಸ್ಸಿನಲ್ಲಿ ಅಪ್ಪ, "ಸಾಕು ಇನ್ನ, ಬಿಚ್ಚೋಣು" ಅಂದ.

ಬಿಚ್ಚಿದ್ದು ಮಹಾನವಮಿಗೆ ನಾಲ್ಕು ದಿನ ಇರುವಾಗ. ನಾನು ಪಟ್ಟಿ ಓದುವುದು, ಅಪ್ಪ ಬಿಚ್ಚುವುದು. ಪುಶ್ ರಾಡುಗಳಿಗೆಂದು ಒಂದು ರಟ್ಟಿನ ಡಬ್ಬಿಗೆ ಹನ್ನೆರಡು ತೂತು ಕೊರೆದು, ಒಂದೊಂದಕ್ಕೂ ಶಾಯಿಯಲ್ಲಿ ನಂಬರು ಬರೆದೆ. ಒಂದೊಂದಾಗಿ ತೆಗೆದು ಆ ತೂತುಗಳಲ್ಲಿ ನಿಲ್ಲಿಸಿದೆವು. ಅವುಗಳ ಮೇಲೆ ಕೂರುವ ರಾಕರ್ ಜೋಡಣೆಯನ್ನು ಬಿಡಿಸದೆ ಹಾಗೆಯೇ ಗೋಣಿಚೀಲದಲ್ಲಿ ಸುತ್ತಿಟ್ಟೆವು. ಹೆಡ್ ಇಳಿಸಲು ನಾಲ್ಕು ಜನ ಬೇಕಾಯಿತು. ನೇರ ಕಬ್ಬಿಣದ ಪಟ್ಟಿ ಇಟ್ಟು ನೋಡಿದರೆ ಅದು ಬಾಗಿತ್ತು. ಮೂರು ದಿನಕ್ಕೆ ಟ್ರ್ಯಾಕ್ಟರು ಸಿಕ್ಕಾಗ ಅಪ್ಪ ಅದನ್ನು ಹಾಕಿಸಿಕೊಂಡು, ಮಟ್ಟ ಮಾಡಿಸಲು ಶಿಗ್ಗಾಂವಿಯ ಲೇಥ್ ಅಂಗಡಿಗೆ ಒಯ್ದ.

ಅವತ್ತು ಮಹಾನವಮಿಯ ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ. ನಮ್ಮ ಕಡೆ ಗೊತ್ತಲ್ಲ, ಮನೆಯಲ್ಲಿರುವ ಕಬ್ಬಿಣವೆಲ್ಲ ಅವತ್ತು ಮೈ ತೊಳೆದುಕೊಳ್ಳಬೇಕು. ಕುಡುಗೋಲು, ಕೊಡಲಿ, ಈಳಿಗೆ, ಕುಂಟೆಯ ಕುಳ, ಒಂದನ್ನೂ ಬಿಡುವ ಹಾಗಿಲ್ಲ.

"ಕಬ್ಬಣಾದು ಎಲ್ಲಾ ತೊಳದಿಡು ನಿಂಗವ್ವ" ಎಂದು ಅವ್ವ ಹೊಲಕ್ಕೆ ಹೋದಳು.

ನಾನು ಬೂದಿ, ಹುಣಸೆಹಣ್ಣು ತಗೊಂಡು ಕೂತೆ. ಕುಡುಗೋಲು ಮುಗಿದವು, ಪಾನಾಗಳು ಮುಗಿದವು. ಕೈಗೆ ಹುರುಪು ಬಂದಿತ್ತು. ಲಾರಿಯ ಪೂಜೆ ಅಂದಮೇಲೆ ಲಾರಿಯ ಸಾಮಾನು ಕೊಳಕಾಗಿದ್ದರೆ ಹೇಗೆ? ಹನ್ನೆರಡೂ ರಾಡು ಎಳೆದು ಬಕೀಟಿಗೆ ಹಾಕಿದೆ. ಉಜ್ಜಿದ್ದೇ ಉಜ್ಜಿದ್ದು. ಬೆಳ್ಳಿಯ ಹಾಗೆ ಹೊಳೆಯತೊಡಗಿದವು. ಬಿಸಿಲಿಗೆ ಹರವಿ, ಒರೆಸಿ, ತಿರುಗಿ ನಿಲ್ಲಿಸಲು ಡಬ್ಬಿ ಎತ್ತಿಕೊಂಡಾಗ ಹನ್ನೆರಡು ತೂತು ನನ್ನನ್ನೇ ನೋಡುತ್ತಿದ್ದವು.

ನಲವತ್ತನೆಯ ಸಾಲನ್ನು ಬರೆದವಳು ನಾನೇ. ಗುಂಡಗಿನ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು. ಅಳು ಕೂಡ ಬರಲಿಲ್ಲ. ಸಿಕ್ಕ ರಾಡನ್ನು ಸಿಕ್ಕ ತೂತಿಗೆ ನಿಲ್ಲಿಸಿ, ಅಂಗಳದಲ್ಲಿ ಗೆಳತಿಯರ ಜೊತೆ ಆಣಿಕಲ್ಲು ಆಡಲು ಕೂತೆ. ಒಂದು ಕಲ್ಲೂ ಕೈಗೆ ಹತ್ತಲಿಲ್ಲ.

ಸಂಜೆ ಅಪ್ಪ ಬಂದು ಡಬ್ಬಿ ನೋಡಿದ. ಮುಖ ಅರಳಿತು.

"ಹೆಂಗ ಹೊಳ್ಯಾಕತ್ತಾವ ನೋಡ. ಒಂದೊಂದ ತಗದು, ತೊಳದು, ಅಲ್ಲೇ ಇಟ್ಟಿ ಹೌದಿಲ್ಲೋ?"

"ಹ್ಞೂಂ" ಅಂದೆ.

ಮರುದಿನ ಅಪ್ಪ ಆ ಹನ್ನೆರಡಕ್ಕೂ ವಿಭೂತಿ ಹಚ್ಚಿ, ಚೆಂಡುಹೂವಿನ ದಳ ಏರಿಸಿದ. ಬಂದವರಿಗೆಲ್ಲ "ನಮ್ಮ ನಿಂಗಿ ತೊಳದಾಳ" ಎಂದು ತೋರಿಸಿದ. ಅವ್ವ ಮಾಡಿದ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಮೂರೇ ವಾರಕ್ಕೆ ದೀಪಾವಳಿ. ಗಾಡಿ ಕಟಕಟ ಅಂದರೆ, ಮತ್ತೆ ಬಿಚ್ಚಬೇಕಾದರೆ, ಮಾವ ಬಂದು ಕರೆದುಕೊಂಡು ಹೋಗುತ್ತಾನೆ. ಅಪ್ಪ ಮುಂಬಯಿಯಲ್ಲಿ ಎಲ್ಲೋ ರಸ್ತೆ ಬದಿಗೆ ಕೂತು ಒಬ್ಬನೇ ಉಣ್ಣುತ್ತಾನೆ. ಅದಕ್ಕೆಲ್ಲ ನಾನೇ ಕಾರಣ ಅಂತ ಯಾರಿಗೂ ಗೊತ್ತೂ ಆಗುವುದಿಲ್ಲ. ಆ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿತು.

ಎರಡು ದಿನ ಬಿಟ್ಟು ಜೋಡಣೆ. ಹೊಸ ಗ್ಯಾಸ್ಕೆಟ್ ಕೂತಿತು, ಹೆಡ್ ಏರಿತು. ನಾನು ನಂಬರು ಕೂಗಿದಂತೆ ಅಪ್ಪ ನಡುವಿನಿಂದ ಬೋಲ್ಟು ಬಿಗಿಯುತ್ತ ಹೋದ. ಮೂರು ಸುತ್ತು ಮುಗಿಯಿತು. ಬೆನ್ನು ನೆಟ್ಟಗೆ ಮಾಡಿ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, "ಇನ್ನ ಕಡ್ಡಿ. ಮೌಲಾಸಾಬಂದು ಓದು" ಅಂದ.

ಪುಟ ತೆರೆದೆ. "ನಲವತ್ತು" ಅಂದೆ. ಅಲ್ಲಿಗೇ ನೋಟ್‌ಬುಕ್ ಮಡಚಿದೆ.

"ಓದಬೇ."

"ಅಪ್ಪಾ, ಎಲ್ಲಾ ಕೂಡಿಬಿಟ್ಟಾವ. ನಾ ಎಲ್ಲಾ ಒಮ್ಮೆಲೆ ತಗದು ತೊಳದೆ. ನಿನ್ನ ಮುಂದ ಸುಳ್ಳ ಹೇಳಿದೆ." ಆಮೇಲೆ ಅಳು ಬಂತು, ಸಾಕುಬೇಕಾಗುವಷ್ಟು ಬಂತು.

ಅಪ್ಪ ಕೈಯಲ್ಲಿದ್ದ ಒಂದನೇ ನಂಬರಿನ ರಾಡನ್ನು ನೋಡುತ್ತ ನಿಂತ. ಬೈಯಲಿಲ್ಲ. ಬಂಪರಿನ ಮೇಲೆ ಕೂತ. ಆಮೇಲೆ ನನ್ನನ್ನು ಹತ್ತಿರ ಕರೆದ.

"ನಲವತ್ತು ಮಂದಿ ಹೇಳ್ಯಾರ ನನ್ನ ಮುಂದ. ಎಲ್ಲಾರೂ ಗಾಡಿ ಕೆಟ್ಟ ಮ್ಯಾಲೆ ಹೇಳ್ಯಾರ. ಜೋಡಸೂಕಿಂತ ಮೊದಲ ಹೇಳಿದಾಕಿ ನೀ ಒಬ್ಬಾಕಿ. ಅಳಬ್ಯಾಡ. ಪೆನ್ನ ಕೊಡ ಇಲ್ಲೆ."

ಬರೆಯುವುದೆಂದರೆ ತ್ರಾಸು ಅನ್ನುತ್ತಿದ್ದವನು ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆ ಕಚ್ಚಿಕೊಂಡು, ತಾನೇ ಏನೋ ಬರೆದ. ನಲವತ್ತೊಂದು. ಓದಿ ತೋರಿಸು ಎಂದು ನಾನು ಕೇಳಲಿಲ್ಲ. ನನ್ನ ಹೆಸರು ಅಲ್ಲಿರುತ್ತದೆಂದು ಗೊತ್ತಿತ್ತು, ನೋಡಲು ಮುಖ ಇರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹೋಗಿ ಅಪ್ಪ ಮೌಲಾಸಾಬ್ ಮಿಸ್ತ್ರಿಯನ್ನು ಕರೆತಂದ. ಮುದುಕ ರಾಡುಗಳನ್ನು ನೋಡಿ ಗಡ್ಡದಲ್ಲೇ ನಕ್ಕ. "ಲಗ್ನದ ಬೆಳ್ಳಿ ಸಾಮಾನ ಮಾಡಿ ಇಟ್ಟೀಯಲ್ಲ ಬೇಟಿ." ಆಮೇಲೆ ಒಂದನ್ನೆತ್ತಿ ಅದರ ತಲೆ ತೋರಿಸಿದ. ಅಲ್ಲೊಂದು ಸಣ್ಣ ಬಟ್ಟಲಿನಂಥ ಕುಳಿ. ನನ್ನ ಬೆರಳು ಹೋಗದ ಆ ಕುಳಿಯೊಳಗೆ ಹಳೆಯ ಕರಿ, ಸವೆತದ ಗುರುತು ಹಾಗೇ ಉಳಿದಿದ್ದವು. ಗೋಣಿಚೀಲದಿಂದ ರಾಕರ್ ಜೋಡಣೆ ತೆಗೆಸಿ, ಅದರ ಒಂದೊಂದು ಗುಂಡನೆಯ ತುದಿಗೂ ಒಂದೊಂದು ರಾಡನ್ನು ಹಚ್ಚಿ ಬೆರಳಲ್ಲಿ ಮೆಲ್ಲಗೆ ತಿರುಗಿಸಿದ. ನನ್ನ ಕೈಗೂ ಕೊಟ್ಟ. ತಪ್ಪು ಜೋಡಿಯಾದರೆ ಮರಳು ಸಿಕ್ಕಂತೆ ಕರಕರ. ಸರಿಯಾದ ಜೋಡಿಯಾದರೆ ಕೈಗೆ ಏನೂ ಗೊತ್ತಾಗುತ್ತಿರಲಿಲ್ಲ.

ಹೊತ್ತು ಮುಳುಗುವ ತನಕ ಕೂತು ಒಂಬತ್ತು ರಾಡುಗಳಿಗೆ ಜೋಡಿ ಹುಡುಕಿದೆವು. ಮೂರು ಅನುಮಾನದಲ್ಲೇ ಉಳಿದವು. ಹಾಕಿ ನೋಡೋಣ ಅಂದ ಮಿಸ್ತ್ರಿ. ಮರುದಿನ ಎಲ್ಲ ಜೋಡಿಸಿ, ನೀರು, ಎಣ್ಣೆ ತುಂಬಿ, ಅಪ್ಪ ದೇವರಿಗೆ ಕೈ ಮುಗಿದು ಸ್ಟಾರ್ಟ್ ಮಾಡಿದ. ಹಿತ್ತಲೆಲ್ಲ ಡೀಸೆಲ್ ಹೊಗೆ, ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಮೌಲಾಸಾಬ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಒಂದು ಕಡೆ ತಡೆದು ನನ್ನನ್ನು ಕರೆದು ಹಿಡಿಕೆಯನ್ನು ನನ್ನ ಕಿವಿಗೆ ಇಟ್ಟ. ಒಳಗೆ ಎಲ್ಲೋ ಸಣ್ಣಗೆ, ಟಕ್, ಟಕ್.

"ಇದೊಂದು, ಅದರ ಬಾಜೂಕಿಂದು. ಅದಲುಬದಲು ಆಗ್ಯಾವ" ಅಂದ. ಆ ಎರಡನ್ನು ಬದಲಿಸಿದರು. ಮತ್ತೆ ಸ್ಟಾರ್ಟ್ ಮಾಡಿದಾಗ ಹಿಡಿಕೆಯನ್ನು ಮೊದಲು ನನಗೇ ಕೊಟ್ಟ. ಒಂದೇ ಸಮನೆ ಗುಂಯ್ ಎನ್ನುವ ಸದ್ದು, ಅಷ್ಟೇ. ಮಿಸ್ತ್ರಿಯ ಕಣ್ಣಲ್ಲಿ ನೀರಿತ್ತು. "ಇಂವಾ ಸುಮ್ಮನಾದ" ಎಂದು ಇಂಜಿನ್ ತಟ್ಟಿದ. ನಮ್ಮ ಇಂಜಿನ್ನಿಗೆ ಹೇಳಿದನೋ, ಇಷ್ಟು ವರ್ಷ ತನ್ನ ತಲೆಯೊಳಗೆ ಕಟಕಟ ಅನ್ನುತ್ತಿದ್ದ ಆ ಇನ್ನೊಂದಕ್ಕೆ ಹೇಳಿದನೋ, ಈಗ ಯೋಚಿಸುತ್ತೇನೆ.

ದೀಪಾವಳಿಗೆ ಮೂರು ದಿನ ಇರುವಾಗ ಗೋವಿನಜೋಳದ ಮೊದಲ ಲೋಡು ಹಿರೇಕೆರೂರಿಗೆ ಹೋಯಿತು. ಮಾವ ಅಪ್ಪನ ಬಾಜೂ ಕೂತಿದ್ದ, ನಾನು ನಡುವೆ. ದಾರಿಯುದ್ದಕ್ಕೂ ಮಾವ ನೀರಿನ ಬಿಸಿ ತೋರಿಸುವ ಮುಳ್ಳನ್ನೇ ನೋಡಿದ. ಅದು ಮೇಲೇಳಲೇ ಇಲ್ಲ. ಸಂತೆಯಲ್ಲಿ ಇಳಿದು, "ಆತು ಬಿಡಪಾ, ನಾ ಸೋತೆ" ಎಂದು ನನಗೆ ಜಿಲೇಬಿ ಕೊಡಿಸಿದ. ಸಂಜೆ ಊಟಕ್ಕೆ ಅಪ್ಪ ಮನೆಯಲ್ಲಿದ್ದ. ಅದಾದ ಮೇಲೆ ಒಂಬತ್ತು ವರ್ಷ ಪ್ರತಿ ಸಂಜೆ ಇದ್ದ.

ಈಗ ಆ ಲಾರಿ ಇಲ್ಲ. ಮೌಲಾಸಾಬ್ ಮಿಸ್ತ್ರಿ ಇಲ್ಲ. ಅಪ್ಪ ಹೋಗಿ ಎರಡು ವರ್ಷವಾಯಿತು. ನಾನು ರಟ್ಟೀಹಳ್ಳಿಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತೇನೆ. ಅವರು ಮೊಬೈಲಿನಲ್ಲಿ ನೋಡಿಕೊಂಡೇ ಬರುತ್ತಾರೆ, ಕೆಟ್ಟ ಮಷೀನನ್ನೂ ಅದನ್ನೇ ನೋಡಿ ಬಿಚ್ಚುತ್ತಾರೆ. ಬೇಡ ಅನ್ನುವುದಿಲ್ಲ, ನಾನೂ ನೋಡುತ್ತೇನೆ. ಅದರಲ್ಲಿ ಎಲ್ಲರೂ ಶಾಣ್ಯಾರು. ಕೈ ತಡೆಯುವುದಿಲ್ಲ, ಬಟ್ಟೆ ಕೆಡುವುದಿಲ್ಲ, ಬೋಲ್ಟು ಕಳೆಯುವುದಿಲ್ಲ. ತಾವು ಏನು ಕೆಡಿಸಿದೆವು ಎಂದು ಬಸಿಯಲ್ಲಿ ಚಹಾ ಆರಿಸುತ್ತ, ಒಂದು ಹುಡುಗಿಯ ಎದುರು ಬಾಯಿಬಿಟ್ಟು ಹೇಳಿದ ಆ ಜನ ಎಲ್ಲಿ ಹೋದರೋ.

ಹೋದ ತಿಂಗಳು ಅವ್ವ ಅಪ್ಪನ ಟ್ರಂಕು ತೆಗೆದಾಗ ನೋಟ್‌ಬುಕ್ ಸಿಕ್ಕಿತು. ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ಒಂಬತ್ತು ವರ್ಷ ತಿರುಗಿದ ನೋಟ್‌ಬುಕ್, ಇನ್ನೂ ಡೀಸೆಲ್ ವಾಸನೆ. ನಲವತ್ತೊಂದನೆಯದನ್ನು ಅಂದು ನೋಡಿರಲಿಲ್ಲ, ಆಮೇಲೂ ನೋಡಿರಲಿಲ್ಲ. ಈಗ ನೋಡಿದೆ. ಡೊಂಕು ಅಕ್ಷರ, ಅಲ್ಲಲ್ಲಿ ಒತ್ತಿ ಹರಿದ ಹಾಳೆ. ನನ್ನ ಹೆಸರು ಅಲ್ಲಿ ಇರಲೇ ಇಲ್ಲ.

"೪೧. ಫಕ್ಕೀರಪ್ಪ, ಹಿರೇಬೆಂಡಿಗೇರಿ. ಬಿಚ್ಚಿದ ಸಾಮಾನ ಮನಿಯಾಗ ಬಿಟ್ಟು ಶಿಗ್ಗಾಂವಿಗೆ ಹ್ವಾದೆ. ಕಾಯ್ಕೊಂಡ ಕುಂದರಬೇಕಿತ್ತು."

ಬಹಳ ಹೊತ್ತು ಟ್ರಂಕಿನ ಮುಂದೆ ಕೂತು ಅತ್ತೆ. ಆಮೇಲೆ ಪೆನ್ನು ತಗೊಂಡು ಕೆಳಗೆ ಬರೆದೆ: "೪೨. ನಿಂಗವ್ವ, ಫಕ್ಕೀರಪ್ಪನ ಮಗಳು. ಅಪ್ಪ ಕೇಳಿದಾಗ ಹ್ಞೂಂ ಅಂದೆ."

ಕಾಯಿದೆಯ ಪ್ರಕಾರ ಗಟ್ಟಿಯಾಗಿ ಓದಿದೆ. ಒಳಗಿದ್ದ ಅವ್ವ, ಯಾರ ಕೂಡ ಮಾತಾಡಾಕತ್ತೀಬೇ ಎಂದು ಕೇಳಿದಳು. ಬರೋಬರಿ ಐತಿ ಅನ್ನಲು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದು ನೋಟ್‌ಬುಕ್ ಮುಚ್ಚಿದೆ.